ಲಾದ್ರು ಮಾಸ್ತ್ರ ಮಗಳ ಪ್ಲೇಟು

ಪಾಣೆಮಂಗಳೂರು, ೧೪ ನವೆಂಬರ್ ೧೯೬೧, ಮಂಗಳವಾರ

ಈ ದಿನದಿಂದ ದಿನಚರಿ ಬರೆಯತಕ್ಕದ್ದೆಂದು ಮೂಡುಬಿದಿರೆಯ ಭುಜಬಲಿಯಾದ ನಾನು ಸರ್ವಾನುಮತದಿಂದ ನಿರ್ಣಯಿಸಿದೆ. ಸಭೆಯಲ್ಲಿ ನಾನೊಬ್ಬನೇ ಇದ್ದುದರಿಂದ ವಿರೋಧ ಬರಲಿಲ್ಲ. ಕಾರಣವಿಷ್ಟೆ: ವರ್ಧಮಾನ ಮಾವ ಇವತ್ತು ನನ್ನ ಸಾರ್ವಜನಿಕ ಸೇವೆಗೆ ಅರಗು ಹಾಕಿ ಮುದ್ರೆ ಒತ್ತಿದರು. ಇನ್ನು ನನ್ನ ಪ್ರತಿಭೆಗೆ ಈ ಪುಸ್ತಕವೊಂದೇ ಗತಿ.

ಮಾವನದು ಮೈಕ್ ಸೆಟ್ಟಿನ ಅಂಗಡಿ. ಎರಡು ಹಾರ್ನು, ಒಂದು ಆಂಪ್ಲಿಫಯರು, ಬಸ್ಸಿನಿಂದ ಬಿಚ್ಚಿದ ಬ್ಯಾಟರಿ, ಚಾವಿ ಕೊಟ್ಟು ತಿರುಗಿಸುವ ರೆಕಾರ್ಡು ಪೆಟ್ಟಿಗೆ, ಅರುವತ್ತು ಹಾಡಿನ ಪ್ಲೇಟು. ನಮ್ಮದು ಅಳಿಯಕಟ್ಟು; ಮಾವನ ಬಳಿಕ ಈ ಸಾಮ್ರಾಜ್ಯವೆಲ್ಲ ನನಗೆ. ಆದ್ದರಿಂದ ಮಾವ ನನ್ನನ್ನು ಓಡಿಸುವಂತಿಲ್ಲ, ನಾನು ಬಿಟ್ಟು ಓಡುವಂತಿಲ್ಲ. ಎಸ್ಸೆಲ್ಸಿ ನನಗೆ ಒಲಿಯಲಿಲ್ಲವಾಗಿ ಅಮ್ಮ ಇಲ್ಲಿಗೆ ಅಟ್ಟಿದ್ದಾಳೆ.

ಮೊನ್ನೆ ಕನ್ಯಾನದಲ್ಲಿ ಒಂದು ಮನೆ ಒಕ್ಕಲು. ಬೆಳಗ್ಗಿನಿಂದ ಒಬ್ಬ ಹೆಂಗಸು ಹಾಡಿದ ದೇವರನಾಮವನ್ನೇ ಹಾಕಿ ಹಾಕಿ ಬೇಸರ ಬಂದು, ಪೆಟ್ಟಿಗೆಯ ವೇಗದ ಕಡ್ಡಿಯನ್ನು ಮೆಲ್ಲನೆ ಹಿಂದಕ್ಕೆ ಜಾರಿಸಿದೆ. ಸ್ವರ ಇಳಿಯುತ್ತ ಇಳಿಯುತ್ತ ಗಂಡಸಿನದಾಯಿತು, ಆಮೇಲೆ ಮುದುಕನದಾಯಿತು. ಅಂಗಳದಲ್ಲಿದ್ದ ಸೇಸಮ್ಮ ಎಂಬ ಅಜ್ಜಿ ಎದ್ದು ಹಾರ್ನಿಗೆ ಕೈಮುಗಿದು, “ಅಯ್ಯೋ, ನಮ್ಮವರ ಸ್ವರ! ಇದ್ದಾಗ ಒಂದು ದಿನ ದೇವರ ಹೆಸರು ಹೇಳಿದವರಲ್ಲ, ಈಗ ಹೇಳ್ತಾ ಇದ್ದಾರೆ!” ಎಂದು ಅತ್ತಳು. ನನ್ನ ಪ್ರಕಾರ ಇದು ಪುಣ್ಯದ ಕೆಲಸ. ಮಾವನ ಪ್ರಕಾರ ಅಲ್ಲ.

ಕಡ್ಡಿ ನಿಲ್ಲಲು ಮೂರು ಮನೆ ಉಂಟು, ಒಂದೊಂದಕ್ಕೆ ಒಂದೊಂದು ವೇಗ. ನಮ್ಮ ಅರುವತ್ತೂ ಪ್ಲೇಟು ಎಲ್ಲಕ್ಕಿಂತ ವೇಗದ ಮನೆಯವು. ಉಳಿದೆರಡು ಯಾಕೆ ಇಟ್ಟಿದ್ದಾರೆಂದು ಆ ಕಂಪೆನಿಗೇ ಗೊತ್ತು. ಅಂತೂ ಕಡ್ಡಿ ಈಗ ಅರಗಿನೊಳಗೆ ಸಮಾಧಿಸ್ಥವಾಗಿದೆ.

೧೬ ನವೆಂಬರ್, ಗುರುವಾರ

ಮಹತ್ತಾದ ಘಟನೆ! ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸತಕ್ಕದ್ದು.

ಸಂಜೆ ಮಾವ ಊಟಕ್ಕೆ ಹೋಗಿದ್ದರು. ಸೂರ್ಯ ಮುಳುಗಿದ ಮೇಲೆ ಅವರು ಅನ್ನ ಮುಟ್ಟುವವರಲ್ಲ. ಆದುದರಿಂದ ದಿನಾ ಆ ಹೊತ್ತಿಗೆ ಅಂಗಡಿಯಲ್ಲಿ ನನ್ನದೂ ಅಬ್ದುಲ್ ರವೂಫನದೂ ಆಡಳಿತ. ರವೂಫ್ ತೆಂಗಿನ ಮರ ಹತ್ತಿ ಹಾರ್ನು ಕಟ್ಟುವವನು, ನನ್ನ ಪ್ರಾಯದವನು, ನನ್ನ ಎಲ್ಲ ಮಹಾಕಾರ್ಯಗಳಿಗೂ ಸಾಕ್ಷಿ.

ಸೇತುವೆ ದಾಟಿ ಬಂಟ್ವಾಳದ ಕಡೆಯಿಂದ ಮೋನ ಬಾಯಮ್ಮ ಬಂದರು. ತಲೆಯ ಮೇಲೆ ಗೆರಸೆ, ಅದಕ್ಕೆ ಸೀರೆಯ ತುಂಡು ಮುಚ್ಚಿತ್ತು. ಬ್ಯಾಂಡ್ ಸೆಟ್ಟಿನ ಲಾದ್ರು ಮಾಸ್ತ್ರ ಹೆಂಡತಿ ಮೈಕಿನವರ ಮೆಟ್ಟಿಲು ಹತ್ತುವುದೆಂದರೆ ಬೆಕ್ಕು ಬಂದು ನಾಯಿಯ ಬಾಗಿಲು ತಟ್ಟಿದ ಹಾಗೆ. ಮದುವೆಗಳಿಗೆ ಜನ ಬ್ಯಾಂಡಿನ ಬದಲು ನಮ್ಮನ್ನು ಕರೆಯತೊಡಗಿದಂದಿನಿಂದ ಮಾಸ್ತ್ರು ಹಾರ್ನಿಗೆ ‘ಉಸಿರಿಲ್ಲದ ವಾದ್ಯ’ ಎಂದು ಹೆಸರಿಟ್ಟಿದ್ದಾರೆ. ಅದರ ಕೆಳಗೆ ಇಷ್ಟಪಟ್ಟು ನಿಲ್ಲುವುದಿಲ್ಲ ಎಂದು ಆಣೆ ಹಾಕಿದ್ದಾರೆ.

“ಪುತಾ, ಧಣಿಗಳು ಇಲ್ಲ ಅಲ್ವಾ?” ಎಂದು ಮಗನನ್ನು ಮಾತಾಡಿಸುವ ಹಾಗೆ ಕೇಳಿ, ಬಾಯಮ್ಮ ಗೆರಸೆಯಿಂದ ಒಂದು ಪ್ಲೇಟು ತೆಗೆದರು. ಅಷ್ಟು ದೊಡ್ಡ ಪ್ಲೇಟು ನಾನು ಕಂಡಿರಲಿಲ್ಲ. ಶಾಲೆಯ ಪುಸ್ತಕಕ್ಕೆ ಹಾಕಿದ ಹಾಗೆ ಅದರ ಲಕೋಟೆಗೆ ಕಂದು ಕಾಗದದ ಬೈಂಡು.

“ಇದೆಂತ ಬಾಯಮ್ಮ, ಬೈಂಡು?”

“ಅದರ ಮೇಲೆ ಸೆಲಿನಳ ಫೋಟೋ ಉಂಟು. ತೋಳಿಲ್ಲದ ಅಂಗಿ. ಅವರು ನೋಡಿದ್ರೆ ಕೊಲ್ತಾರೆ.”

ಸಂಗತಿ ಹೀಗೆ. ಸೆಲಿನ್ ಅವರ ಒಬ್ಬಳೇ ಮಗಳು. ಮಾಸ್ತ್ರೇ ಅವಳಿಗೆ ಪಿಯಾನೋ ಕಲಿಸಿದ್ದು, ಕಾನ್ವೆಂಟಿನ ಪಿಯಾನೋದಲ್ಲಿ. ನಾಲ್ಕು ವರ್ಷದ ಹಿಂದೆ ನರ್ಸ್ ಆಗಲು ಬೊಂಬಾಯಿಗೆ ಹೋದವಳು ಅಲ್ಲಿ ಒಂದು ದೊಡ್ಡ ಹೋಟೆಲಿನಲ್ಲಿ ಪಿಯಾನೋ ಬಾರಿಸಲು ಸೇರಿದಳು. ಜಾಝ್ ಎಂಬ ಜಾತಿಯ ಸಂಗೀತ. ಅಂದಿನಿಂದ ಮಾಸ್ತ್ರು ಅವಳ ಹೆಸರೆತ್ತುವುದಿಲ್ಲ. ಈಗ ಅವಳು ಬಾರಿಸಿದ್ದನ್ನು ಪ್ಲೇಟು ಮಾಡಿದ್ದಾರೆ. ಹಾಡು ಇಲ್ಲ, ಬರೀ ಪಿಯಾನೋ. ಅಪ್ಪ ‘ಬರ್ಲಿ’ ಎಂದರೆ ಕ್ರಿಸ್ಮಸಿಗೆ ಬರುತ್ತಾಳಂತೆ.

“ಒಂದು ಸಲ ಇದನ್ನು ಕೇಳಿದ್ರೆ ಅವರು ಬರ್ಲಿ ಅಂತಾರೆ ಪುತಾ. ನಂಗೆ ಗೊತ್ತುಂಟು. ಆದ್ರೆ ನಮ್ಮಲ್ಲಿ ಪೆಟ್ಟಿಗೆ ಇಲ್ಲ. ಮೊದ್ಲು ನಂಗೊಂದು ಹಾಕಿ ತೋರಿಸು. ಸಣ್ಣಕ್ಕೆ.”

ಪ್ಲೇಟಿನ ನಡುವಿನ ಕಾಗದದಲ್ಲಿ ಇಂಗ್ಲಿಷಿನಲ್ಲಿ ಸೆಲಿನಳ ಹೆಸರು, ಬೊಂಬಾಯಿ, ಮತ್ತೆ ಮೂವತ್ತಮೂರೂ ಒಂದು ಮೂರಾಂಶ, ಅಂದರೆ ೩೩ ೧/೩, ಎಂಬ ಅಂಕೆ.

“ಇದೆಂತ ಲೆಕ್ಕ?” ಎಂದ ರವೂಫ್.

“ಅವಳ ಪ್ರಾಯ. ಮೂವತ್ತಮೂರು ವರ್ಷ ನಾಲ್ಕು ತಿಂಗಳು.”

“ಅವಳಿಗೆ ಇಪ್ಪತ್ತಾರು!” ಎಂದರು ಬಾಯಮ್ಮ.

“ಬೊಂಬಾಯಿಯಲ್ಲಿ ಎಲ್ಲ ಸ್ವಲ್ಪ ಹೆಚ್ಚು ಬಾಯಮ್ಮ.”

ಹಾಕಿದೆ. ದೇವರೇ! ಅದು ಪಿಯಾನೋ ಅಲ್ಲ, ಮಾಡಿನ ಹಂಚಿನ ಮೇಲೆ ಸಾವಿರ ಕಾಗೆ ಒಟ್ಟಿಗೆ ಓಡಿದ ಹಾಗೆ! ಟಿಣಿಟಿಣಿಟಿಣಿ, ನಿಲ್ಲುವುದಿಲ್ಲ, ಉಸಿರೆಳೆಯುವುದಿಲ್ಲ. ನಮ್ಮ ಪ್ಲೇಟುಗಳು ಮೂರು ನಿಮಿಷಕ್ಕೆ ಮುಗಿದರೆ ಇದು ಮುಗಿಯುವುದೇ ಇಲ್ಲ. ಬಾಯಮ್ಮ ಎದೆಯ ಮೇಲೆ ಕೈಯಿಟ್ಟು, “ಇದು ನಮ್ಮ ಸೆಲಿನಾ?” ಎಂದರು. “ಇಷ್ಟು ಬೇಗ ಬೇಗ ಯಾವಾಗ ಕಲಿತಳು?”

ಪ್ಲೇಟು ನಮ್ಮಲ್ಲೇ ಇರಲಿ ಎಂದು ಬಿಟ್ಟುಹೋದರು. ಮಾಸ್ತ್ರಿಗೆ ಇದನ್ನು ಕೇಳಿಸುವ ಭಾರ ನನ್ನ ಮೇಲೆ ಬಿದ್ದಿದೆ. ಭುಜಬಲಿ ಎಂಬ ಹೆಸರು ಸಾರ್ಥಕವಾಗುವ ಕಾಲ ಬಂತು.

೧೯ ನವೆಂಬರ್, ಆದಿತ್ಯವಾರ

ಪೇಟೆ ಗೆದ್ದಾಯಿತು!

ಮೂರು ದಿನದಿಂದ ಮಾವ ಊಟಕ್ಕೆ ಹೊರಟ ಕೂಡಲೇ ನಾನು ಮೈಕು ಹಿಡಿದು ಗಂಭೀರ ಸ್ವರದಲ್ಲಿ ಘೋಷಿಸುತ್ತೇನೆ: “ಮಹಾಜನರೇ! ಲೋಕದಲ್ಲೇ ಅತಿ ವೇಗದ ಪಿಯಾನೋ! ಬಾರಿಸುವವರು ಬಂಟ್ವಾಳದ ಲಾದ್ರು ಮಾಸ್ತ್ರ ಸುಪುತ್ರಿ ಸೆಲಿನ್! ಹೆದರಿಕೆಯವರು ಕಿವಿ ಮುಚ್ಚತಕ್ಕದ್ದು!” ಕ್ಷೌರದ ಕೂಸಪ್ಪ ಬಂದು ಕೈ ಮುಗಿದ: “ನಾನು ಕತ್ತಿ ಹಿಡಿದಾಗ ಅದನ್ನು ಹಾಕಬೇಡಿ ಮಾರಾಯ್ರೇ, ಕೈ ತಾನಾಗಿ ಓಡ್ತದೆ, ಇವತ್ತು ಒಬ್ಬನ ಅರ್ಧ ಮೀಸೆ ಹೋಯ್ತು.” ಬೆಳ್ತಂಗಡಿ ಬಸ್ಸಿನ ಡ್ರೈವರು ಇದನ್ನು ಕೇಳಿಯೇ ಗೇರು ಹಾಕುತ್ತಾನೆ. ಸೆಲಿನಳಿಗೆ ಇಪ್ಪತ್ತು ಬೆರಳು ಎಂದು ಮೀನು ಮಾರ್ಕೆಟಿನಲ್ಲಿ ಸುದ್ದಿ. ಅದನ್ನು ಹಬ್ಬಿಸಿದ್ದು ಯಾರೆಂದು ನಾನು ಇಲ್ಲಿ ಬರೆಯುವುದಿಲ್ಲ.

ನೇತ್ರಾವತಿಯ ಮೇಲೆ ಸ್ವರ ಜಾರಿಕೊಂಡು ಹೋಗುತ್ತದೆ. ಮಾಸ್ತ್ರ ಮನೆ ಆಚೆ ದಂಡೆಯಲ್ಲೇ. ಗಾಳಿ ಇದ್ದರೆ ಒಂದು ತುಂಡು, ಇಲ್ಲದಿದ್ದರೆ ಇನ್ನೊಂದು ತುಂಡು ಕೇಳಿಯೇ ಕೇಳುತ್ತದೆ. ಆದರೆ ತುಂಡು ಸಾಲದು. ಪೂರ್ತಿ ಕೇಳಿಸಬೇಕು. ಮುಂದಿನ ವಾರ ಮಡಂತ್ಯಾರಿನ ಮದುವೆಗೆ ನಮ್ಮನ್ನೂ ಕರೆದಿದ್ದಾರೆ, ಬ್ಯಾಂಡನ್ನೂ ಕರೆದಿದ್ದಾರೆ. ಯೋಜನೆ ಸಿದ್ಧ!

೨೬ ನವೆಂಬರ್, ಆದಿತ್ಯವಾರ

ಮಡಂತ್ಯಾರಿನಿಂದ ಈಗ ಬಂದೆ.

ದಿಬ್ಬಣ ಬರುವವರೆಗೆ ಮೈಕು. ದಿಬ್ಬಣ ಕಮಾನಿನ ಬಳಿ ಬಂದ ಕೂಡಲೇ ನಾವು ಪ್ಲೇಟಿನ ಮೇಲಿನ ಮುಳ್ಳು ಎತ್ತಬೇಕು, ಅಲ್ಲಿಂದ ಬ್ಯಾಂಡು. ಎಲ್ಲ ಮದುವೆಗಳಲ್ಲಿ ಇದು ಕ್ರಮ. ನಾನು ಮುಳ್ಳು ಎತ್ತಿದೆ, ಹಳೆಯ ಪ್ಲೇಟು ತೆಗೆದೆ, ಸೆಲಿನಳನ್ನು ಇಟ್ಟೆ.

ಬಿಳಿ ಕೋಟು, ಹಿತ್ತಾಳೆ ಗುಂಡಿ, ಕೈಯಲ್ಲಿ ಕ್ಲಾರಿನೆಟ್ಟು. ಮಾಸ್ತ್ರು ಮುಂದೆ, ಬ್ಯಾಂಡಿನವರು ಹಿಂದೆ, ಅವರ ಹಿಂದೆ ಮದುಮಗಳ ಕಾರು. ಟಿಣಿಟಿಣಿ ಎಂದು ಶುರುವಾದದ್ದೇ ಮಾಸ್ತ್ರು ಕೈ ಎತ್ತಿದರು. ಬ್ಯಾಂಡು ನಿಂತಿತು. ಬಿಸಿಲಿನಲ್ಲಿ ತಲೆ ತಗ್ಗಿಸಿ ಕೇಳುತ್ತ ನಿಂತರು. ಬ್ಯಾಂಡಿನ ಹುಡುಗರು ಅವರ ಮುಖ ನೋಡುತ್ತಿದ್ದರು. ಒಬ್ಬ ಯಾರೋ ಕಿಸಕ್ಕೆಂದು ನಕ್ಕ. ಕಾರಿನ ಕಿಟಕಿಯಿಂದ ಒಬ್ಬರು, “ಎಂತ ಆಯ್ತು, ಹೋಗುವ ಹೋಗುವ” ಎಂದರು. ಮಾಸ್ತ್ರು ಅಲ್ಲಾಡಲಿಲ್ಲ. ಆಮೇಲೆ ನನ್ನ ಮೇಜಿನ ಬಳಿ ಬಂದರು.

“ನಿಲ್ಲಿಸು.”

“ಮಾಸ್ತ್ರೇ, ಇದು ನಿಮ್ಮ ಮಗಳು...”

“ಗೊತ್ತುಂಟು. ಹೆಸರನ್ನು ಊರಿಡೀ ಕೂಗಿದ್ದೀಯಲ್ಲ. ನಾನು ಅವಳಿಗೆ ಕಲಿಸಿದ್ದು ನಡೆಯಲಿಕ್ಕೆ. ಇದು ನಾಯಿ ಅಟ್ಟಿಸಿದ ಹಾಗೆ ಉಂಟು. ತಗಡು ಬಡಿದ ಹಾಗೆ ಉಂಟು. ಜಾಝ್ ಅಂದ್ರೆ ಇದಾ?”

ಹೇಳಿದ ಮಾತು ಕೇಳಿ ಮುಳ್ಳು ಎತ್ತಿದೆ. ಇದು ನನ್ನ ಜೀವನದಲ್ಲಿ ಅಪರೂಪ. ಅವರು ಕ್ಲಾರಿನೆಟ್ಟನ್ನು ಪಕ್ಕದವನ ಕೈಗೆ ಕೊಟ್ಟು ರಸ್ತೆಯಲ್ಲಿ ಒಬ್ಬರೇ ನಡೆದುಹೋದರು. ದಿಬ್ಬಣ ಬರೀ ಡೋಲಿನ ಸದ್ದಿಗೇ ಒಳಗೆ ಬಂತು. ಪಾಯಸ ಚೆನ್ನಾಗಿತ್ತಂತೆ. ನಾನು ಬಡಿಸಿಕೊಳ್ಳಲಿಲ್ಲ.

೨೮ ನವೆಂಬರ್

ಬಾಯಮ್ಮ ಬಂದಿದ್ದರು. “ಅವಳು ಬರುವುದು ಬೇಡ ಅಂತ ಹೇಳಿದ್ರು ಪುತಾ” ಎಂದರು. ಬೈದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಬೈಯಲಿಲ್ಲ. ಪ್ಲೇಟು ಕೊಂಡುಹೋಗಿ ಎಂದೆ. “ಮನೆಯಲ್ಲಿ ಎಲ್ಲಿಡುದು? ಇಲ್ಲೇ ಇರ್ಲಿ” ಎಂದು ಖಾಲಿ ಗೆರಸೆ ಹಿಡಿದುಕೊಂಡು ಹೋದರು.

ಬೇರೆ ವಿಶೇಷವಿಲ್ಲ.

೩ ಡಿಸೆಂಬರ್, ಆದಿತ್ಯವಾರ

ನಾನು ಮೂರ್ಖ! ನಾನು ಮೂಡುಬಿದಿರೆಯ, ಪಾಣೆಮಂಗಳೂರಿನ, ಸಮಸ್ತ ದಕ್ಷಿಣ ಕನ್ನಡ ಜಿಲ್ಲೆಯ ಮೂರ್ಖ! ಇದನ್ನು ಬರೆಯುವಾಗ ಕುಣಿಯುತ್ತಿದ್ದೇನೆ, ಮಸಿ ಚೆಲ್ಲಿದೆ, ಚೆಲ್ಲಲಿ!

ಮಡಂತ್ಯಾರಿನಿಂದ ಬಂದ ಮೇಲೆ ರವೂಫ್ ನನ್ನಲ್ಲಿ ಸರಿಯಾಗಿ ಮಾತಾಡುತ್ತಿರಲಿಲ್ಲ. ಇವತ್ತು ಮಧ್ಯಾಹ್ನ ಯಾರೂ ಇಲ್ಲದಾಗ ಸೆಲಿನಳ ಪ್ಲೇಟು ಇಟ್ಟೆ. ಯಾಕೆ ಇಟ್ಟೆನೋ ಗೊತ್ತಿಲ್ಲ. ನಾಯಿ ಅಟ್ಟಿಸಿದ ಹಾಗೆ ನಿಜವಾಗಿಯೂ ಉಂಟೋ ಎಂದು ನೋಡಬೇಕಿತ್ತು.

“ರವೂಫ್, ಚಾವಿ ಕೊಡು.”

“ಕೊಡುದಿಲ್ಲ. ಬಾಯಮ್ಮನ ಮುಖ ನೋಡಿದ್ದೀಯಾ ನೀನು? ಬೇಕಾದ್ರೆ ನೀನೇ ಕೊಡು.”

ನಾನೂ ಹಟಕ್ಕೆ ಕೊಡಲಿಲ್ಲ. ಇಬ್ಬರೂ ಗೋಡೆ ನೋಡುತ್ತ ಕುಳಿತೆವು. ಪೆಟ್ಟಿಗೆಯೊಳಗಿನ ಸ್ಪ್ರಿಂಗು ಬಿಚ್ಚಿಕೊಳ್ಳುತ್ತ ಬಂತು. ಪ್ಲೇಟು ನಿಧಾನವಾಯಿತು. ಟಿಣಿಟಿಣಿ ಎಂಬುದು ಟಿಣ್, ಟಿಣ್ ಎಂದಾಯಿತು. ಸ್ವರ ಇಳಿಯಿತು, ದಪ್ಪವಾಯಿತು. ಆಮೇಲೆ, ಎಂಟು ಹತ್ತು ಉಸಿರಿನಷ್ಟು ಹೊತ್ತು, ಹೇಗೆ ಬರೆಯಲಿ! ಓಡುತ್ತಿದ್ದವರು ಯಾರೋ ನಿಂತು, ಹಿಂದೆ ತಿರುಗಿ ನೋಡಿ, ನಾಯಿ ಇಲ್ಲವೆಂದು ಕಂಡು, ಸೀರೆಯ ನೆರಿಗೆ ಸರಿಮಾಡಿಕೊಂಡು ನಡೆಯತೊಡಗಿದ ಹಾಗೆ. ಒಂದು ಕೈ ದಾರಿ ಹಿಡಿದು ಹೋಗುತ್ತದೆ; ಇನ್ನೊಂದು ಕೈ ಅಲ್ಲಿ ಒಂದು ಗೇಟಿನ ಬಳಿ ನಿಂತು ಮಾತಾಡುತ್ತದೆ, ಇಲ್ಲಿ ಒಂದು ಹೂ ಕೊಯ್ಯುತ್ತದೆ, ಆದರೂ ಹಿಂದೆ ಬೀಳುವುದಿಲ್ಲ. ಅಷ್ಟರಲ್ಲಿ ಪ್ಲೇಟು ಕರಡಿಯ ಹಾಗೆ ಗೊರಗುಟ್ಟಿ ನಿಂತಿತು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

“ಅದು ಎಂತ?” ಎಂದ ರವೂಫ್, ಪಿಸುಮಾತಿನಲ್ಲಿ.

ನಾನು ಪ್ಲೇಟಿನ ನಡುವಿನ ಕಾಗದ ನೋಡಿದೆ. ಮೂವತ್ತಮೂರೂ ಒಂದು ಮೂರಾಂಶ. ಪೆಟ್ಟಿಗೆಯ ಕಡ್ಡಿಯ ಮೇಲಿನ ಅರಗನ್ನು ಉಗುರಿನಿಂದ ಕೆರೆದೆ. ನಿಧಾನದ ಮನೆಯ ಬಳಿ ಅದೇ ಅಂಕೆ! ಅದೇ ಮೂರಾಂಶ!

“ಪ್ರಾಯ ಅಲ್ಲ ಮಾರಾಯಾ, ವೇಗ!” ಎಂದು ನಾನು ಕೂಗಿದ್ದಕ್ಕೆ ಎದುರಿನಿಂದ ಕೂಸಪ್ಪ ಕತ್ತಿ ಹಿಡಿದುಕೊಂಡೇ ಓಡಿಬಂದ.

೪ ಡಿಸೆಂಬರ್, ಸೋಮವಾರ

ಮಾವ ಊಟಕ್ಕೆ ಹೋದ ಕೂಡಲೇ ಅರಗಿನ ಸಮಾಧಿಯನ್ನು ಶಾಸ್ತ್ರೋಕ್ತವಾಗಿ ಒಡೆದೆವು. ಮೊದಲ ಬದಿ ಹಾಕಿದೆವು. ಅಯ್ಯೋ. ಇಷ್ಟು ದಿನ ಅದನ್ನು ಓಡಿಸಿ ಓಡಿಸಿ ಗೆರೆಗಳು ಸವೆದುಹೋಗಿವೆ. ಪಿಯಾನೋ ಆಚೆ, ನಡುವೆ ಮರಳು ಸುರಿದ ಹಾಗೆ ಸರಸರ. ಮುಳ್ಳೂ ತಪ್ಪು ಹಾಕಿದ್ದೆವು. ಇಂಥ ಪ್ಲೇಟಿಗೆ ಸಪೂರದ್ದು ಬೇರೆ ಉಂಟಂತೆ, ಪೆಟ್ಟಿಗೆಯ ಖಾನೆಯಲ್ಲೇ ಬಿದ್ದಿತ್ತು. ಅದನ್ನು ಹಾಕಿ ಎರಡನೆಯ ಬದಿ ತಿರುಗಿಸಿದೆವು. ಅದನ್ನು ಒಮ್ಮೆಯೂ ಬಾರಿಸಿರಲಿಲ್ಲ.

ಇಡೀ ಬದಿ ಕೇಳಿದೆವು. ಮೊದಲು ಒಂದು ಸಣ್ಣ ರಾಗ, ಮಕ್ಕಳೂ ಹೇಳಬಹುದು. ಆಮೇಲೆ ಸೆಲಿನ್ ಅದನ್ನು ಕೈ ಹಿಡಿದು ಹೊರಡುತ್ತಾಳೆ. ಬೇರೆ ಬೇರೆ ಓಣಿ ಹೊಕ್ಕು, ಈಗ ದಾರಿ ತಪ್ಪಿದಳು ಎಂದು ನಾವು ಎದ್ದು ನಿಲ್ಲುವಷ್ಟರಲ್ಲಿ, ಯಾವುದೋ ಹಿತ್ತಿಲಿನ ಬಾಗಿಲಿನಿಂದ ಅದೇ ರಾಗದೊಳಗೆ ಬಂದು ಕುಳಿತಿರುತ್ತಾಳೆ! ಪ್ರತಿ ಸಲ ಬೇರೆ ಬಾಗಿಲು! ರವೂಫ್, “ಬಂದಳು, ಬಂದಳು!” ಎಂದು ತೊಡೆ ತಟ್ಟಿದ.

ಇವತ್ತು ಮೈಕಿನಲ್ಲಿ ಘೋಷಣೆ ಮಾಡುವುದು ಮರೆತೇಹೋಯಿತು.

೫ ಡಿಸೆಂಬರ್, ಮಂಗಳವಾರ

ಬೆಳಗ್ಗೆಯೇ ಸೇತುವೆ ದಾಟಿ ಓಡಿದೆ. ಬಾಯಮ್ಮನಿಗೆ ಬಾಗಿಲಲ್ಲೇ ಎಲ್ಲ ಹೇಳಿದೆ. ಅವರು ನನ್ನ ಎರಡೂ ಕೆನ್ನೆ ಹಿಡಿದು, “ನಿಜವಾ? ಓಡುದಿಲ್ವಾ ಅವಳು?” ಎಂದು ನಾಲ್ಕು ಸಲ ಕೇಳಿದರು. ಅಷ್ಟರಲ್ಲಿ ಮಾಸ್ತ್ರು ಹೊರಗೆ ಬಂದರು. ಅವರಿಗೂ ಹೇಳಿದೆ: ಪೆಟ್ಟಿಗೆಯ ಕಡ್ಡಿ ತಪ್ಪಿತ್ತು, ಸೆಲಿನ್ ನಿಧಾನವಾಗಿಯೇ ಬಾರಿಸುತ್ತಾಳೆ.

“ಮೊನ್ನೆ ಮೈಕಿನಲ್ಲಿ ಲೋಕದಲ್ಲೇ ವೇಗದ ಪಿಯಾನೋ ಅಂದವನು ನೀನಲ್ವಾ?”

“ಹೌದು, ಆದರೆ...”

“ಇಪ್ಪತ್ತು ಬೆರಳು ಅಂದವನು?”

“ಅದು ಮೀನಿನವರು...”

“ಕನ್ಯಾನದಲ್ಲಿ ಸತ್ತವನಿಂದ ಭಜನೆ ಹೇಳಿಸಿದವನು? ಇವತ್ತು ನಿಧಾನ ಅಂತೀಯ. ನಾಳೆ ಸೆಲಿನ್ ಕೊಳಲು ಊದ್ತಾಳೆ ಅಂತೀಯ. ಹೋಗು.”

ನನ್ನ ಕೀರ್ತಿ ಕನ್ಯಾನದಿಂದ ಬಂಟ್ವಾಳದವರೆಗೆ ಹಬ್ಬಿದೆ ಎಂದು ಇವತ್ತೇ ತಿಳಿದದ್ದು. ಯಾಕೋ ಸಂತೋಷ ಆಗಲಿಲ್ಲ. ಇರಲಿ! ಮಾತು ನಂಬದಿದ್ದರೆ ಹಾರ್ನನ್ನು ನಂಬಲಿ!

೬ ಡಿಸೆಂಬರ್, ಬುಧವಾರ

ಮಹಾಯುದ್ಧ! ವಿವರವಾಗಿ ದಾಖಲಿಸತಕ್ಕದ್ದು.

ಸಂಜೆ ರವೂಫ್ ಹೊಳೆಯ ದಂಡೆಯ ತೆಂಗಿನ ಮರ ಹತ್ತಿ ಎರಡೂ ಹಾರ್ನನ್ನು ಮಾಸ್ತ್ರ ಮನೆಯ ಮಾಡಿಗೇ ಗುರಿಯಿಟ್ಟು ಕಟ್ಟಿದ. ಎರಡನೆಯ ಬದಿ, ಸರಿಯಾದ ಮುಳ್ಳು, ಕಡ್ಡಿ ಸರಿಯಾದ ಮನೆಯಲ್ಲಿ. ಸಣ್ಣ ರಾಗ ನೀರಿನ ಮೇಲೆ ಹೊರಟಿತು. ಪೇಟೆಯಲ್ಲಿ ಮಾತು ನಿಂತಿತು. ಕೂಸಪ್ಪನ ಕುರ್ಚಿಯಲ್ಲಿ ಕುಳಿತವನಿಗೆ ನಿದ್ದೆ ಬಂತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಕುಳಿತರು.

ಆಗ ಆಚೆ ದಂಡೆಯಿಂದ: ಢಂ!

ಮತ್ತೆ: ಢಂ! ಢಂ! ಮಾಸ್ತ್ರು ಬ್ಯಾಂಡಿನ ದೊಡ್ಡ ಡೋಲನ್ನು ಅಂಗಳಕ್ಕೆ ತಂದು, ಡೋಲಿನ ತುಕ್ರಪ್ಪನಿಂದ ಬಡಿಸುತ್ತಿದ್ದರು. ನಾನು ಸ್ವರ ಏರಿಸಿದೆ. ಅತ್ತ ಎರಡನೆಯ ಡೋಲು ಬಂತು. ನಾನು ಪೂರ್ತಿ ತಿರುಗಿಸಿದೆ. ಹಾರ್ನು ಕಿರುಚತೊಡಗಿತು. ಸೇತುವೆಯ ಮೇಲೆ ಜನ ಸಾಲುಗಟ್ಟಿದರು. ಬೆಳ್ತಂಗಡಿ ಬಸ್ಸು ನಡುವೆಯೇ ನಿಂತಿತು. ಅರ್ಧ ಜನ “ಭುಜಬಲೀ!” ಎಂದರೆ ಅರ್ಧ ಜನ “ತುಕ್ರಪ್ಪಾ!” ಎಂದು ಬೊಬ್ಬೆ ಹೊಡೆದರು. ರವೂಫ್ ಮರದ ಮೇಲಿಂದ, “ಸೋಲಬೇಡ!” ಎಂದು ಕೂಗುತ್ತಿದ್ದ. ಎಂಥ ಗಮ್ಮತ್ತು! ಹತ್ತು ಮದುವೆ ಒಟ್ಟಿಗೆ ಆದ ಹಾಗೆ!

ಡೋಲು ಗೆದ್ದಿತೆಂದು ಸೇತುವೆಯವರು ತೀರ್ಪು ಕೊಟ್ಟರು.

ಗದ್ದಲದ ನಡುವೆ ಒಂದು ಸಲ ನನಗನಿಸಿತು: ಈಗ ಸೆಲಿನ್ ಯಾವ ಬಾಗಿಲಿನಿಂದ ಬಂದಳೋ, ಯಾರೂ ಕೇಳಲಿಲ್ಲ.

೭ ಡಿಸೆಂಬರ್

ಒಡೆದ ಅರಗು ಮಾವನ ಕೈಗೆ ಸಿಕ್ಕಿತು. ಪೊಲೀಸಿನವರೂ ಬಂದು ಬಸ್ಸಿನ ವಿಷಯ ಕೇಳಿ ಹೋದರು. ಹಾರ್ನು, ಆಂಪ್ಲಿಫಯರು, ಬ್ಯಾಟರಿ ಎಲ್ಲ ಕಪಾಟಿನೊಳಗೆ. ಬೀಗದ ಕೈ ಮಾವನ ಸೊಂಟದಲ್ಲಿ.

“ಈ ತಿಂಗಳು ಮುಗಿಯುವವರೆಗೆ ನಿನಗೆ ಸ್ವರ ಇಲ್ಲ” ಎಂದರು ಮಾವ. “ಪೆಟ್ಟಿಗೆ ಬೇಕಾದ್ರೆ ಇಟ್ಟುಕೊ. ಸ್ವರವಿಲ್ಲದ ಪೆಟ್ಟಿಗೆಯಿಂದ ಎಂತ ಮಾಡ್ತೀಯೋ ನೋಡುವ.”

೯ ಡಿಸೆಂಬರ್, ಶನಿವಾರ

ಮಾವ ತಮಗೆ ಗೊತ್ತಿಲ್ಲದೆ ಮಹದುಪಕಾರ ಮಾಡಿದ್ದಾರೆ!

ಸುಮ್ಮನೆ ತಿರುಗುವುದನ್ನಾದರೂ ನೋಡುವ ಎಂದು ಪ್ಲೇಟು ಇಟ್ಟು ಮುಳ್ಳು ಬಿಟ್ಟೆ. ಪ್ಲೇಟಿನ ಮೇಲೆ ಒಂದು ಕೂದಲು ಬಿದ್ದಿತ್ತು, ತೆಗೆಯಲು ಬಗ್ಗಿದೆ. ಬಗ್ಗಿದವನು ಹಾಗೆಯೇ ನಿಂತೆ. ಮುಳ್ಳು ಮಾತಾಡುತ್ತಿದೆ! ಆಂಪ್ಲಿಫಯರಿಲ್ಲ, ಹಾರ್ನಿಲ್ಲ, ಬರೀ ಮುಳ್ಳು ಗೆರೆಯಲ್ಲಿ ಹೋಗುವಾಗ ಇರುವೆಯಷ್ಟು ಸಣ್ಣ ಪಿಯಾನೋ ಅಲ್ಲಿ ಬಾರಿಸುತ್ತಿದೆ. ಕಿವಿಯನ್ನು ನಾಲ್ಕು ಬೆರಳಿನಷ್ಟು ಹತ್ತಿರ ತಂದರೆ ಎಲ್ಲವೂ ಉಂಟು. ರಸ್ತೆಯಲ್ಲಿ ಗಾಡಿ ಹೋದರೆ ಇಲ್ಲ. ಹೋದ ಮೇಲೆ ಮತ್ತೆ ಉಂಟು. ಎರಡು ವರ್ಷದಿಂದ ಈ ಪೆಟ್ಟಿಗೆ ನನ್ನ ಕೈಯಲ್ಲಿದೆ. ನನ್ನ ಬೊಬ್ಬೆಯಲ್ಲಿ ಇದು ಯಾವತ್ತಾದರೂ ಕೇಳುವುದುಂಟೇ?

ರವೂಫನನ್ನು ಕರೆದೆ. ಅವನೊಂದು ಕಡೆ, ನಾನೊಂದು ಕಡೆ, ತಲೆಗೆ ತಲೆ ತಾಗಿಸಿ ಕೇಳಿದೆವು. ಅಷ್ಟರಲ್ಲಿ ನನಗೆ ಹೊಳೆಯಿತು. ರವೂಫನಿಗೂ ಅದೇ ಹೊಳೆದದ್ದು ಅವನ ಕಣ್ಣಿನಲ್ಲಿ ಕಂಡಿತು. ಮಾಸ್ತ್ರ ಆಣೆ ಇರುವುದು ಹಾರ್ನಿಗೆ, ಪೆಟ್ಟಿಗೆಗೆ ಅಲ್ಲ!

೧೦ ಡಿಸೆಂಬರ್, ಆದಿತ್ಯವಾರ

ಮಧ್ಯಾಹ್ನದ ಊಟವಾದ ಮೇಲೆ ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ರವೂಫ್ ತಲೆಯ ಮೇಲಿಟ್ಟುಕೊಂಡ. ಪ್ಲೇಟು ನನ್ನ ಕೈಯಲ್ಲಿ. ಸೇತುವೆಯ ಮೇಲೆ, “ಇವತ್ತು ಯುದ್ಧ ಉಂಟಾ?” ಎಂದು ಯಾರೋ ಕೇಳಿದರು. ಇಲ್ಲ ಎಂದೆ.

ಮಾಸ್ತ್ರು ಜಗಲಿಯಲ್ಲಿ ಕುಳಿತು ಬ್ಯಾಂಡಿನ ಹಿತ್ತಾಳೆ ತುತ್ತೂರಿಗೆ ಹುಳಿ ಹಾಕಿ ಉಜ್ಜುತ್ತಿದ್ದರು. ನಮ್ಮನ್ನು ಕಂಡದ್ದೇ ಡೋಲಿನ ಕೋಲಿಗೆ ಕೈ ಹಾಕಿದರು.

“ಮಾಸ್ತ್ರೇ, ನೀವು ನಿಲ್ಲುದಿಲ್ಲ ಅಂದದ್ದು ಹಾರ್ನಿನ ಕೆಳಗೆ ಅಲ್ವಾ? ಹಾರ್ನು ಎಲ್ಲಿ ಉಂಟು, ತೋರಿಸಿ.”

ಅವರು ಎದ್ದು ಬಂದು ಗೋಣಿ ಬಿಚ್ಚಿ ನೋಡಿದರು. ರವೂಫನ ಬೆನ್ನ ಹಿಂದೆ ನೋಡಿದರು. ತೆಂಗಿನ ಮರದ ತಲೆ ನೋಡಿದರು.

“ಮತ್ತೆ ಸ್ವರ ಎಲ್ಲಿಂದ ಬರ್ತದೆ?”

“ಮುಳ್ಳಿನಿಂದ. ಕಿವಿ ಹತ್ತಿರ ತಂದ್ರೆ ಕೇಳ್ತದೆ, ಇಲ್ಲದಿದ್ರೆ ಇಲ್ಲ.”

“ಇದರಲ್ಲಿ ಎಂತ ಕುತಂತ್ರ ಉಂಟು?”

ದಾರಿಯುದ್ದಕ್ಕೂ ವಕೀಲರ ಧಾಟಿಯಲ್ಲಿ ಒಂದು ಭಾಷಣ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅದನ್ನು ಅಲ್ಲೇ ಬಿಟ್ಟೆ.

“ಏನೂ ಇಲ್ಲ ಮಾಸ್ತ್ರೇ. ಅವತ್ತು ನಾನು ಓಡಿಸಿದ್ದು. ಅವಳು ಓಡಿದ್ದಲ್ಲ.”

ಅವರು ನನ್ನ ಮುಖವನ್ನೇ ನೋಡಿದರು. ಬಾಯಮ್ಮ ಆಗಲೇ ಹೊರಗೆ ಬಂದು ಅಂಗಳದ ಕೋಳಿಗಳನ್ನು ಅಟ್ಟಿ, ಪಕ್ಕದ ಮನೆಯಲ್ಲಿ ಅಕ್ಕಿ ಕುಟ್ಟುತ್ತಿದ್ದವರಿಗೆ ಸ್ವಲ್ಪ ನಿಲ್ಲಿಸಲು ಬೇಲಿಯ ಮೇಲಿಂದ ಹೇಳಿ ಬಂದಿದ್ದರು. ರವೂಫ್ ಚಾವಿ ಕೊಟ್ಟ. ಎರಡನೆಯ ಬದಿಯ ಮೇಲೆ ಮುಳ್ಳು ಬಿಟ್ಟು ನಾನು ಹಿಂದೆ ಸರಿದೆ.

ಮಾಸ್ತ್ರು ನಿಂತೇ ಇದ್ದರು. ಆಮೇಲೆ ಹುಳಿ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸ್ವಲ್ಪ ಬಗ್ಗಿದರು. ಇನ್ನೂ ಸ್ವಲ್ಪ. ಕೊನೆಗೆ ಕಿವಿ ಪ್ಲೇಟಿಗೆ ತಾಗುವಷ್ಟು ಬಗ್ಗಿದರು.

“ಉಸಿರು ಬಿಡಬೇಡ ಮಾರಾಯ, ಬಿರುಗಾಳಿಯ ಹಾಗೆ ಕೇಳ್ತದೆ” ಎಂದರು, ನನಗೆ.

ಇಡೀ ಬದಿ ಅವರು ಹಾಗೆಯೇ ಇದ್ದರು. ನಮಗೆ ಏನೂ ಕೇಳುತ್ತಿರಲಿಲ್ಲ. ಅವರ ಮುಖ ಮಾತ್ರ ಕಾಣುತ್ತಿತ್ತು. ಯಾವ ಓಣಿಯಲ್ಲಿದ್ದಾಳೆಂದು ನಾನು ಅದರಲ್ಲೇ ಹುಡುಕುತ್ತಿದ್ದೆ. ಒಂದು ಕಡೆ ಅವರು ಒಂದು ಬೆರಳು ಎತ್ತಿ, ಯಾರಿಗೂ ಅಲ್ಲ ಎಂಬ ಹಾಗೆ, “ಈಗ ತಿರುಗ್ತಾಳೆ” ಎಂದರು. ಸ್ವಲ್ಪ ತಡೆದು ತಲೆದೂಗಿದರು. ಬಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಒರಗಿದ್ದರು.

ಮುಗಿಯಿತು. “ಆಚೆ ಬದಿ” ಎಂದರು.

ಹಾಕಿದೆ. ಸರಸರ.

“ಇದನ್ನು ಯಾರು ಹೀಗೆ ಮಾಡಿದ್ದು?”

“ನಾನು. ಊರಿಡೀ ಕೇಳಿಸಿದ್ದು ಈ ಬದಿಯನ್ನೇ.”

ಅವರು ಬೈಯಲಿಲ್ಲ. ಆ ಸರಸರದೊಳಗೂ ಕೊನೆಯವರೆಗೆ ಕೇಳಿದರು. ನೆಟ್ಟಗಾಗಲು ಹೋದರೆ ಸೊಂಟ ಹಿಡಿದುಕೊಂಡಿತ್ತು. ನಾನೂ ರವೂಫನೂ ಎರಡೂ ಕಡೆ ಹಿಡಿದು ಎತ್ತಿದೆವು. ಹೋಗಿ ಜಗಲಿಯಲ್ಲಿ ಕುಳಿತು ಮತ್ತೆ ತುತ್ತೂರಿ ಉಜ್ಜತೊಡಗಿದರು. ಅದನ್ನು ತಿರುಗಿಸಿ ಇನ್ನೊಂದು ಮಗ್ಗುಲು ಉಜ್ಜುತ್ತ, ತಲೆ ಎತ್ತದೆ ಹೇಳಿದರು:

“ಒಂದು ಬದಿ ಹಾಳಾಗಿ ಹೋಗಿದೆ. ಬರುವಾಗ ಇನ್ನೊಂದು ತರ್ಲಿಕ್ಕೆ ಹೇಳು.”

“ಯಾರು ಬರುವಾಗ?” ಎಂದರು ಬಾಯಮ್ಮ.

“ಎಂತ ಪ್ರಶ್ನೆ ಅದು? ಕ್ರಿಸ್ಮಸಿಗೆ ಈ ಮನೆಗೆ ಬೊಂಬಾಯಿಂದ ಎಷ್ಟು ಜನ ಬರ್ಲಿಕ್ಕೆ ಉಂಟು?”

ಬಾಯಮ್ಮ ಒಳಗೆ ಓಡಿದರು. ಒಳಗಿನಿಂದ ಪಾತ್ರೆಯೊಂದು ಬಿದ್ದ ಸದ್ದು, ಅದರ ಹಿಂದೆಯೇ ನಗು, ಆಮೇಲೆ ಅಳುವೋ ನಗುವೋ ತಿಳಿಯದ್ದು.

ನಾವು ಗೋಣಿ ಹರಡಿ ಪೆಟ್ಟಿಗೆ ಎತ್ತಲು ಹೋದೆವು. “ಅದು ಇಲ್ಲಿರಲಿ” ಎಂದರು ಮಾಸ್ತ್ರು. ಮಾವನ ಪೆಟ್ಟಿಗೆ ಎಂದು ಹೇಳಲು ಬಾಯಿ ತೆರೆದೆ. ರವೂಫ್ ಕಾಲು ಮೆಟ್ಟಿದ.

ಬೇಲಿ ದಾಟಿದ್ದೇ ತಡ, ಇಬ್ಬರೂ ಯಾಕೆಂದು ತಿಳಿಯದೆ ಓಡತೊಡಗಿದೆವು. “ಮಾವ ಕೇಳಿದ್ರೆ ಎಂತ ಹೇಳ್ತೀ?” ಎಂದು ರವೂಫ್ ಏದುಸಿರು ಬಿಡುತ್ತ ಕೇಳಿದ. ಗೊತ್ತಿಲ್ಲ ಎಂದೆ, ಇದ್ದದ್ದನ್ನೇ ಹೇಳಿದರಾಯಿತು ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

ಓಣಿಯ ತುದಿ ಮುಟ್ಟುವಾಗ ಹಿಂದಿನಿಂದ ಮಾಸ್ತ್ರ ಬೊಬ್ಬೆ ಕೇಳಿತು. ಬೇಲಿಯ ಬಳಿ ನಿಂತು ಹುಳಿಗೈ ಎತ್ತಿ ಕೂಗುತ್ತಿದ್ದರು:

“ಏ ಭುಜಬಲೀ! ಇದಕ್ಕೆ ಚಾವಿ ಎಷ್ಟು ಸುತ್ತು ಕೊಡುವುದು?”